ಮೆಕ್ಕೆಜೋಳದ ನಾಡಿನಲ್ಲಿ ಒಂದು ಗಾಲ್ಫ್ ತಂಡ



ನಮ್ಮ ಪತ್ರಿಕೆಯ ಇತಿಹಾಸದ ಪುಟ ಅಂದರೆ ನಿಮಗೆ ಗೊತ್ತೇ ಇದೆ. ಹಂಪಿ ಬರುತ್ತದೆ, ಬೇಲೂರು ಬರುತ್ತದೆ, ವರ್ಷಕ್ಕೊಮ್ಮೆ ಕಿತ್ತೂರು ಚೆನ್ನಮ್ಮ ಬರುತ್ತಾರೆ. ಈ ತಿಂಗಳು ನಾನು ಹೇಳುವ ಕಥೆ ಅಷ್ಟು ಹಳೆಯದಲ್ಲ, ಅಷ್ಟು ದೂರದ್ದೂ ಅಲ್ಲ. ನಾವೆಲ್ಲ ಮನೆ ಮಾಡಿಕೊಂಡಿರುವ ಈ ಇಲಿನಾಯ್ ರಾಜ್ಯದಲ್ಲೇ ನಡೆದದ್ದು. ರಾಜರಿಲ್ಲ, ಯುದ್ಧವಿಲ್ಲ. ಒಬ್ಬ ಕೋಚ್ ಇದ್ದಾರೆ, ಒಂದು ಕಾಲೇಜ್ ತಂಡವಿದೆ, ಬೇಕಾದಷ್ಟು ಹಿಮ ಇದೆ. ಕೋಚ್ ಹೆಸರು ಮೈಕ್ ಸ್ಮಾಲ್. ತಂಡ ಇಲಿನಾಯ್ ವಿಶ್ವವಿದ್ಯಾಲಯದ ಹುಡುಗರ ಗಾಲ್ಫ್ ತಂಡ.

ಈ ವಿಶ್ವವಿದ್ಯಾಲಯ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ನಮ್ಮ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಅಣ್ಣಂದಿರು, ಅಕ್ಕಂದಿರು ಅಲ್ಲಿಗೇ ಹೋಗಿದ್ದಾರೆ, ಹೆಚ್ಚಿನವರು ಕಂಪ್ಯೂಟರ್ ಸೈನ್ಸ್ ಅಥವಾ ಇಂಜಿನಿಯರಿಂಗ್‌ಗೆ. ಅವರನ್ನು ಬಿಟ್ಟು ಬರಲು ಹೋದ ಅಪ್ಪ ಅಮ್ಮಂದಿರಿಗೆ ದಾರಿ ನೆನಪಿರುತ್ತದೆ. ಶಿಕಾಗೋದಿಂದ ದಕ್ಷಿಣಕ್ಕೆ ಸುಮಾರು 135 ಮೈಲಿ, ಎರಡೂ ಕಡೆ ಚಪ್ಪಟೆ ನೆಲ, ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಕೊನೆಗೆ ಶಾಂಪೇನ್ ಮತ್ತು ಅರ್ಬಾನಾ ಎಂಬ ಜೋಡಿ ಊರು. ಕ್ಯಾಂಪಸ್ಸಿನ ನಟ್ಟನಡುವೆ ಮಾರೋ ಪ್ಲಾಟ್ಸ್ ಅಂತ ಒಂದು ಹೊಲ ಇದೆ. 1876ರಿಂದ ಅಲ್ಲಿ ಬೆಳೆ ಪ್ರಯೋಗ ನಡೆಯುತ್ತಿದೆ. ಪಕ್ಕದಲ್ಲಿ ಲೈಬ್ರರಿ ಕಟ್ಟುವಾಗ ಜೋಳದ ಮೇಲೆ ನೆರಳು ಬೀಳಬಾರದು ಅಂತ ಅದನ್ನು ನೆಲದ ಕೆಳಗೆ ಕಟ್ಟಿದರು ಎಂದು ಅಲ್ಲಿನ ವಿದ್ಯಾರ್ಥಿಗಳು ಹೆಮ್ಮೆಯಿಂದ ಹೇಳುತ್ತಾರೆ. ಅದೇ 1876ರಲ್ಲಿ ನಮ್ಮ ಬೆಂಗಳೂರಿನಲ್ಲಿ ಬ್ರಿಟಿಷರು ಗಾಲ್ಫ್ ಕ್ಲಬ್ ಶುರು ಮಾಡಿದರು. ಎರಡಕ್ಕೂ ಸಂಬಂಧವಿಲ್ಲ, ವರ್ಷ ಒಂದೇ ಆದ್ದರಿಂದ ಹೇಳಿದೆ ಅಷ್ಟೇ.

ಈಗ ಈ ಊರಿನ ಜನವರಿಯನ್ನು ಯೋಚಿಸಿ. ಯೋಚಿಸುವುದೇನು ಬಂತು, ನಿಮ್ಮ ಕಿಟಕಿಯಿಂದ ನೋಡಿ. ನೆಲ ಕಲ್ಲಾಗಿರುತ್ತದೆ. ಗಾಲ್ಫ್ ಆಡುವ ಹುಲ್ಲುಹಾಸಿನ ಮೇಲೆ ಹಿಮ ಇರುತ್ತದೆ, ಹಿಮ ಇಲ್ಲದ ದಿನ ಮೂಗು ಕಿತ್ತುಹೋಗುವಂಥ ಗಾಳಿ ಇರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗೆ ಸರಿಯಾಗಿ ಅಭ್ಯಾಸ ಮಾಡುವಂತಿಲ್ಲ. ಅದೇ ಹೊತ್ತಿಗೆ ಟೆಕ್ಸಸ್, ಫ್ಲೋರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾದ ಹುಡುಗರು ಅರ್ಧ ತೋಳಿನ ಅಂಗಿ ಹಾಕಿಕೊಂಡು ದಿನಾ ಆಡುತ್ತಿರುತ್ತಾರೆ. ವಸಂತದಲ್ಲಿ ಇಬ್ಬರೂ ಒಂದೇ ಟೂರ್ನಿಯಲ್ಲಿ ಎದುರಾಗುತ್ತಾರೆ. ಯಾರು ಗೆಲ್ಲಬಹುದು?

ಇತಿಹಾಸ ಈ ಪ್ರಶ್ನೆಗೆ ಸ್ಪಷ್ಟವಾಗಿಯೇ ಉತ್ತರ ಕೊಟ್ಟಿತ್ತು. ಅಮೆರಿಕದಲ್ಲಿ ಕಾಲೇಜ್ ಗಾಲ್ಫ್ ಚಾಂಪಿಯನ್‌ಶಿಪ್ ಶುರುವಾದದ್ದು 1897ರಲ್ಲಿ. ಮೊದಲು ಗೆದ್ದದ್ದು ಯೇಲ್. ಆಗ ಗಾಲ್ಫ್ ಉತ್ತರದ ಹಳೆಯ, ಶ್ರೀಮಂತ ಕಾಲೇಜುಗಳ ಆಟ. ಆಮೇಲೆ ಆಟ ಸೂರ್ಯನನ್ನು ಹುಡುಕಿಕೊಂಡು ದಕ್ಷಿಣಕ್ಕೆ ಹೋಯಿತು. ಹ್ಯೂಸ್ಟನ್‌ನಲ್ಲಿ ಡೇವ್ ವಿಲಿಯಮ್ಸ್ ಎಂಬ ಕೋಚ್ ಇದ್ದರು. ಅವರು ಮೊದಲು ಕೆಮಿಕಲ್ ಇಂಜಿನಿಯರಿಂಗ್ ಪಾಠ ಮಾಡುತ್ತಿದ್ದ ಮೇಷ್ಟ್ರು. (ಇಂಜಿನಿಯರ್ ಅಪ್ಪಂದಿರು ಇಲ್ಲಿ ಕಾಲರ್ ಸರಿಮಾಡಿಕೊಳ್ಳಬಹುದು.) 1956ರಿಂದ 1985ರ ನಡುವೆ ಅವರ ತಂಡ 16 ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಉತ್ತರದ ಓಹಾಯೋ ಸ್ಟೇಟ್ 1979ರಲ್ಲಿ ಗೆದ್ದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮಧ್ಯ ಪಶ್ಚಿಮದ ಒಂದು ತಂಡವೂ ಆ ಕಪ್ ಎತ್ತಲಿಲ್ಲ.

ಗಾಲ್ಫ್ ಒಬ್ಬೊಬ್ಬರೇ ಆಡುವ ಆಟ ಅಲ್ಲವೇ, ಅದರಲ್ಲಿ ತಂಡ ಎಲ್ಲಿಂದ ಬಂತು ಅಂತ ಪುಟಾಣಿಗಳು ಕೇಳಬಹುದು. ಕಾಲೇಜ್ ಗಾಲ್ಫ್‌ನಲ್ಲಿ ಒಂದು ತಂಡದಿಂದ ಐದು ಜನ ಆಡುತ್ತಾರೆ. ಯಾರು ಎಷ್ಟು ಕಡಿಮೆ ಹೊಡೆತದಲ್ಲಿ ಎಲ್ಲ ಕುಳಿಗಳಿಗೂ ಚೆಂಡು ಹಾಕುತ್ತಾರೋ ಅವರು ಮುಂದೆ. ಪ್ರತಿ ಸುತ್ತಿನಲ್ಲಿ ಐದರಲ್ಲಿ ಉತ್ತಮವಾದ ನಾಲ್ಕು ಸ್ಕೋರ್ ಕೂಡಿಸುತ್ತಾರೆ, ಐದನೆಯದನ್ನು ಬಿಡುತ್ತಾರೆ. ಆದ್ದರಿಂದ ಒಬ್ಬ ದೊಡ್ಡ ಸ್ಟಾರ್ ಇದ್ದರೆ ಸಾಲದು. ನಾಲ್ಕನೆಯವನು ಆ ದಿನ ಹೇಗೆ ಆಡಿದ ಎನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ. ನಮ್ಮ ಮನೆಯಲ್ಲಿ ಹಬ್ಬದ ಅಡುಗೆ ಇದ್ದ ಹಾಗೆ: ಹೋಳಿಗೆ ಎಷ್ಟೇ ಚೆನ್ನಾಗಿರಲಿ, ಸಾರು ಕೆಟ್ಟರೆ ಊಟ ಕೆಟ್ಟ ಹಾಗೆಯೇ. 2009ರಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಇನ್ನೊಂದು ಹಂತವನ್ನೂ ಸೇರಿಸಿದರು. ಕೂಡಿಸಿದ ಸ್ಕೋರಿನಲ್ಲಿ ಮೊದಲ ಎಂಟು ಸ್ಥಾನ ಪಡೆದ ತಂಡಗಳು ಆಮೇಲೆ ಮುಖಾಮುಖಿ ಆಡುತ್ತವೆ. ಐವರ ಎದುರು ಐವರು. ಯಾರಿಗೆ ಮೂರು ಗೆಲುವು ಸಿಗುತ್ತದೋ ಅವರು ಮುಂದಕ್ಕೆ, ಉಳಿದವರು ಮನೆಗೆ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೈಕ್ ಸ್ಮಾಲ್ ಬೆಳೆದದ್ದು ಡ್ಯಾನ್ವಿಲ್‌ನಲ್ಲಿ, ಶಾಂಪೇನ್‌ಗೆ ಪೂರ್ವದಲ್ಲಿ, ಕಾರಿನಲ್ಲಿ ಮುಕ್ಕಾಲು ಗಂಟೆ ದೂರ. ಇಲಿನಾಯ್ ವಿಶ್ವವಿದ್ಯಾಲಯದಲ್ಲೇ ಓದಿದರು, ಅದೇ ತಂಡದಲ್ಲಿ ಆಡಿದರು. 1988ರಲ್ಲಿ ಆ ತಂಡ ಬಿಗ್ ಟೆನ್ ಗೆದ್ದಿತು. ಬಿಗ್ ಟೆನ್ ಅಂದರೆ ಮಧ್ಯ ಪಶ್ಚಿಮದ ದೊಡ್ಡ ವಿಶ್ವವಿದ್ಯಾಲಯಗಳ ಒಕ್ಕೂಟ, 1896ರಲ್ಲಿ ಶುರುವಾದದ್ದು, ಇಲಿನಾಯ್ ಅದರ ಸ್ಥಾಪಕರಲ್ಲಿ ಒಬ್ಬರು. (ಈಗ ಅದರಲ್ಲಿ 18 ಸದಸ್ಯರಿದ್ದಾರೆ, ಹೆಸರು ಮಾತ್ರ ಇನ್ನೂ ಟೆನ್. ಲೆಕ್ಕದ ಟೀಚರ್ ಯಾರೂ ಅಲ್ಲಿ ಇಲ್ಲ ಅಂತ ಕಾಣುತ್ತದೆ.) ಅದಕ್ಕೂ ಮುಂಚೆ ಇಲಿನಾಯ್‌ಗೆ ಈ ಪ್ರಶಸ್ತಿ ಬಂದು ದಶಕಗಳೇ ಆಗಿದ್ದವು. ಆ 1988ರ ತಂಡದಲ್ಲಿ ಸ್ಮಾಲ್ ಜೊತೆ ಆಡಿದ ಇನ್ನೊಬ್ಬ ಹುಡುಗ ಸ್ಟೀವ್ ಸ್ಟ್ರಿಕರ್. ಮುಂದೆ ಆತ ಪ್ರಪಂಚದ ಅತ್ಯುತ್ತಮ ಆಟಗಾರರಲ್ಲಿ ಒಬ್ಬರಾದರು. 2021ರಲ್ಲಿ ರೈಡರ್ ಕಪ್‌ನಲ್ಲಿ ಅಮೆರಿಕ ತಂಡದ ನಾಯಕರಾಗಿ ಯೂರೋಪನ್ನು 19-9 ಅಂತರದಲ್ಲಿ ಸೋಲಿಸಿದರು.

ಸ್ಮಾಲ್ ಅವರ ದಾರಿ ಅಷ್ಟು ಸುಲಭವಾಗಿರಲಿಲ್ಲ. ಅವರೂ ವೃತ್ತಿಪರ ಆಟಗಾರರಾದರು, ಸಣ್ಣ ಟೂರ್‌ಗಳಲ್ಲಿ ವರ್ಷಗಟ್ಟಲೆ ಅಲೆದರು, 1998ರಲ್ಲಿ ಪಿಜಿಎ ಟೂರ್‌ನಲ್ಲಿ ಆಡಿದರು. ಅಲ್ಲಿ ನೆಲೆ ಸಿಗಲಿಲ್ಲ. 2000ದಲ್ಲಿ ಅವರ ಹಳೆಯ ವಿಶ್ವವಿದ್ಯಾಲಯಕ್ಕೆ ಗಾಲ್ಫ್ ಕೋಚ್ ಬೇಕಾಗಿತ್ತು. ಅವರು ಒಪ್ಪಿಕೊಂಡರು.

ಆಗ ಆ ತಂಡ ದೇಶದ ಲೆಕ್ಕದಲ್ಲಿ ಇರಲೇ ಇಲ್ಲ ಅನ್ನಬಹುದು. 1988ರ ನಂತರ ಬಿಗ್ ಟೆನ್ ಗೆದ್ದಿರಲಿಲ್ಲ. ಚಳಿ ರಾಜ್ಯದ ಒಳ್ಳೆಯ ಹುಡುಗರು ಬಿಸಿಲಿನ ಕಾಲೇಜುಗಳಿಗೆ ಹೋಗಿಬಿಡುತ್ತಿದ್ದರು. ಹದಿನೇಳು ವರ್ಷದ ಒಬ್ಬ ಒಳ್ಳೆಯ ಆಟಗಾರನ ಮನೆಗೆ ಕೋಚ್ ಬಂದು, ಐದು ತಿಂಗಳು ಹಿಮ ಬೀಳುವ ನಮ್ಮ ಊರಿಗೆ ಬಾ ಅಂದರೆ ಅವನ ಅಪ್ಪ ಅಮ್ಮ ಏನನ್ನುತ್ತಾರೆ? ನಮ್ಮ ಅಪ್ಪ ಅಮ್ಮ ಆಗಿದ್ದರೆ ಮೊದಲು ಕಾಫಿ ಕೊಟ್ಟು, ಆಮೇಲೆ ಕಾಲೇಜಿನ ರ‍್ಯಾಂಕಿಂಗ್ ಕೇಳುತ್ತಿದ್ದರು.

ದುಡ್ಡಿನ ವಿಷಯವನ್ನೂ ಹೇಳಬೇಕು, ಯಾಕೆಂದರೆ ಇದನ್ನು ಓದುವ ಹಿರಿಯರಿಗೆ ಅದು ಉಪಯೋಗವಾಗಬಹುದು. ಅಮೆರಿಕದ ಕಾಲೇಜ್ ಕ್ರೀಡೆ ಅಂದ ತಕ್ಷಣ ಪೂರ್ತಿ ಫೀಸ್ ಮಾಫಿ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಎನ್‌ಸಿಎಎ ಎನ್ನುವುದು ಕಾಲೇಜ್ ಕ್ರೀಡೆಗಳನ್ನು ನಡೆಸುವ ಸಂಸ್ಥೆ. ಅದರ ನಿಯಮದ ಪ್ರಕಾರ ಬಹಳ ವರ್ಷ ಹುಡುಗರ ಗಾಲ್ಫ್‌ನಲ್ಲಿ ಇಡೀ ತಂಡಕ್ಕೆ ಸೇರಿ ನಾಲ್ಕೂವರೆ ಸ್ಕಾಲರ್‌ಶಿಪ್ ಮಾತ್ರ ಇತ್ತು. ಓದಿದ್ದು ಸರಿಯೇ, ನಾಲ್ಕೂವರೆ. ಎಂಟೋ ಹತ್ತೋ ಹುಡುಗರಿಗೆ ಅದನ್ನು ತುಂಡು ಮಾಡಿ ಹಂಚಬೇಕು. ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಮತ್ತೊಬ್ಬನಿಗೆ ಪುಸ್ತಕದ ಖರ್ಚು. 2025ರಲ್ಲಿ ಈ ಮಿತಿ ಬದಲಾಯಿತು. ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಎಣಿಕೆಯ ಬದಲು ತಂಡದಲ್ಲಿ ಒಂಬತ್ತು ಜನ ಮಾತ್ರ ಇರಬಹುದು ಅನ್ನುವ ಲೆಕ್ಕ ಬಂದಿದೆ. ಸ್ಮಾಲ್ ತಂಡ ಕಟ್ಟಿದ ಕಾಲದಲ್ಲಿ ಮಾತ್ರ ಅವರ ಕೈಯಲ್ಲಿ ಇದ್ದದ್ದು ಆ ನಾಲ್ಕೂವರೆಯೇ. ಟೆಕ್ಸಸ್ ಕೋಚ್ ಕೈಯಲ್ಲೂ ಅಷ್ಟೇ ಇತ್ತು. ಆದರೆ ಅವರಿಗೆ ಬಿಸಿಲು ಬೋನಸ್.

2002ರಲ್ಲಿ ಪಕ್ಕದಲ್ಲೇ ಒಂದು ವಿಚಿತ್ರ ನಡೆಯಿತು. ಬಿಗ್ ಟೆನ್‌ನ ಇನ್ನೊಂದು ಚಳಿ ಕಾಲೇಜ್ ಮಿನ್ನೆಸೋಟಾ. ದುಡ್ಡಿಲ್ಲ ಎಂದು ಆ ವಿಶ್ವವಿದ್ಯಾಲಯ ತನ್ನ ಗಾಲ್ಫ್ ತಂಡವನ್ನೇ ಮುಚ್ಚುವುದಾಗಿ ಹೇಳಿತ್ತು. ಮುಚ್ಚಬೇಕಾದ ಆ ತಂಡ ಹೋಗಿ ರಾಷ್ಟ್ರೀಯ ಚಾಂಪಿಯನ್ ಆಗಿ ಬಂತು! 1979ರ ನಂತರ ಮಧ್ಯ ಪಶ್ಚಿಮದ ತಂಡ ಗೆದ್ದದ್ದು ಅದೇ ಮೊದಲು. ಆಮೇಲೆ ಜನ ದುಡ್ಡು ಕೂಡಿಸಿ ತಂಡವನ್ನು ಉಳಿಸಿಕೊಂಡರು. ನನಗೆ ಈ ಭಾಗ ಬಹಳ ಇಷ್ಟ. ಇದರ ಬಗ್ಗೆಯೇ ಬೇರೆ ಲೇಖನ ಬರೆಯಬಹುದು, ಸಂಪಾದಕರು ಜಾಗ ಕೊಟ್ಟರೆ. ಚಳಿ ರಾಜ್ಯದವರಿಗೆ ಇದು ಆಗದ ಕೆಲಸವಲ್ಲ ಎನ್ನುವುದಂತೂ ಅಲ್ಲಿ ಗೊತ್ತಾಯಿತು.

ಆದರೆ ಮಿನ್ನೆಸೋಟಾದ್ದು ಒಂದು ವರ್ಷದ ಮಿಂಚು. ಸ್ಮಾಲ್ ಮಾಡಲು ಹೊರಟದ್ದು ಪ್ರತಿ ವರ್ಷವೂ ಉರಿಯುವ ದೀಪ. ಅದಕ್ಕೆ ಮೊದಲು ಚಳಿಗಾಲಕ್ಕೆ ಒಂದು ಉತ್ತರ ಬೇಕಿತ್ತು.

ಆ ಉತ್ತರ 2007ರಲ್ಲಿ ಕಟ್ಟಡವಾಗಿ ನಿಂತಿತು. ದಾನಿಗಳ ಹೆಸರಿನಲ್ಲಿ ಅದಕ್ಕೆ ಡೆಮಿರ್ಜಿಯನ್ ಒಳಾಂಗಣ ಗಾಲ್ಫ್ ಕೇಂದ್ರ ಎಂದು ಹೆಸರು. ಒಳಗೆ ಕೃತಕ ಹುಲ್ಲಿನ ದೊಡ್ಡ ಅಂಗಳ. ಅಲ್ಲಿ ಹತ್ತಿರದ ಹೊಡೆತಗಳನ್ನು, ಕುಳಿಗೆ ಚೆಂಡು ಉರುಳಿಸುವುದನ್ನು ವರ್ಷವಿಡೀ ಕಲಿಯಬಹುದು. ಒಂದು ಕಡೆಯ ಗೋಡೆಯಲ್ಲಿ ಬಾಗಿಲುಗಳು ಮೇಲಕ್ಕೆ ಸರಿಯುತ್ತವೆ. ಹುಡುಗರು ಒಳಗೆ ಬೆಚ್ಚಗೆ ನಿಂತು, ಹೊರಗಿನ ಹಿಮದ ಮೈದಾನಕ್ಕೆ ಚೆಂಡು ಹೊಡೆಯುತ್ತಾರೆ. ಬಿಳಿ ಚೆಂಡು, ಬಿಳಿ ಹಿಮ. ಆಮೇಲೆ ಅವನ್ನು ಹುಡುಕಿ ಹೆಕ್ಕುವವರ ಪಾಡು ಏನೋ! ಆದರೆ ಚೆಂಡು ಗಾಳಿಯಲ್ಲಿ ಹೇಗೆ ಹೋಗುತ್ತದೆ, ಎಡಕ್ಕೆ ತಿರುಗಿತೋ ಬಲಕ್ಕೋ ಎನ್ನುವುದು ಕಣ್ಣಿಗೆ ಕಾಣುತ್ತದೆ. ಬಲೆಗೆ ಹೊಡೆದರೆ ಅದು ಕಾಣುವುದಿಲ್ಲ.

ಇದು ಆಕಾಶದಿಂದ ಉದುರಿದ ಯೋಚನೆಯಲ್ಲ. ಸ್ಮಾಲ್ ಅವರ ಹಳೆಯ ಗೆಳೆಯ ಸ್ಟ್ರಿಕರ್ ವಿಸ್ಕಾನ್ಸಿನ್‌ನವರು, ಅಂದರೆ ನಮಗಿಂತಲೂ ಹೆಚ್ಚು ಹಿಮದವರು. ಒಂದು ಹಂತದಲ್ಲಿ ಅವರ ಆಟ ಪೂರ್ತಿ ಹಾಳಾಗಿ ಪಿಜಿಎ ಟೂರ್‌ನಲ್ಲಿ ಜಾಗವನ್ನೂ ಕಳೆದುಕೊಂಡಿದ್ದರು. ಆಗ ಚಳಿಗಾಲದಲ್ಲಿ ಮ್ಯಾಡಿಸನ್‌ನ ಒಂದು ಗಾಲ್ಫ್ ಮೈದಾನದಲ್ಲಿ, ಒಂದು ಕಡೆ ತೆರೆದಿದ್ದ, ಹೀಟರ್ ಇಟ್ಟ ಟ್ರೇಲರ್ ಒಳಗೆ ನಿಂತು ಹಿಮದ ಮೇಲಕ್ಕೆ ಚೆಂಡು ಹೊಡೆದು ಹೊಡೆದು ಆಟ ಸರಿ ಮಾಡಿಕೊಂಡರು. ಪಿಜಿಎ ಟೂರ್‌ನಲ್ಲಿ ಬಿದ್ದು ಎದ್ದ ಆಟಗಾರನಿಗೆ ಒಂದು ಪ್ರಶಸ್ತಿ ಇದೆ. 2006ರಲ್ಲಿ ಅದು ಅವರಿಗೆ ಸಿಕ್ಕಿತು. ತಮಾಷೆ ಅಂದರೆ 2007ರಲ್ಲೂ ಅವರಿಗೇ ಸಿಕ್ಕಿತು. ಒಬ್ಬನೇ ಎರಡು ವರ್ಷ ಹೇಗೆ ಬಿದ್ದು ಎದ್ದ ಅಂತ ಕೇಳಬೇಡಿ, ಅದು ಕೊಟ್ಟವರಿಗೇ ಗೊತ್ತು.

ಮತ್ತೊಂದು ವಿಷಯ ಈ ಕೋಚ್‌ನ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು. ಅವರು ಆಡುವುದನ್ನು ನಿಲ್ಲಿಸಲಿಲ್ಲ. ಅಮೆರಿಕದಲ್ಲಿ ಕ್ಲಬ್‌ಗಳಲ್ಲಿ, ಕಾಲೇಜುಗಳಲ್ಲಿ ಗಾಲ್ಫ್ ಕಲಿಸುವವರಿಗೆ ಅವರದೇ ಒಂದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ. ಸ್ಮಾಲ್ ಅದನ್ನು 2005, 2009 ಮತ್ತು 2010ರಲ್ಲಿ, ಮೂರು ಸಲ ಗೆದ್ದರು. ಇಲಿನಾಯ್ ರಾಜ್ಯದ ಮಟ್ಟದ್ದನ್ನು ಹತ್ತಕ್ಕೂ ಹೆಚ್ಚು ಸಲ ಗೆದ್ದಿದ್ದಾರೆ. ರಾಷ್ಟ್ರೀಯ ಮಟ್ಟದಲ್ಲಿ ಮುಂದೆ ಬಂದವರಿಗೆ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಆಡುವ ಅವಕಾಶ ಸಿಗುತ್ತದೆ. ಅಲ್ಲಿ ಟೈಗರ್ ವುಡ್ಸ್ ಇರುವ ಮೈದಾನದಲ್ಲೇ ನಮ್ಮ ಕಾಲೇಜ್ ಮೇಷ್ಟ್ರೂ ಆಡಿದರು. ಈಗ ಯೋಚಿಸಿ: ಒತ್ತಡ ಬಂದಾಗ ಕೈ ನಡುಗಿದರೆ ಏನು ಮಾಡಬೇಕು ಅಂತ ಪುಸ್ತಕ ಓದಿ ಹೇಳುವ ಕೋಚ್ ಬೇರೆ, ಕಳೆದ ತಿಂಗಳು ನನ್ನ ಕೈ ನಡುಗಿತು ಅಂತ ಹೇಳಬಲ್ಲ ಕೋಚ್ ಬೇರೆ. ನಮ್ಮ ಸಂಗೀತದ ಗುರುಗಳು ಪಾಠದ ಜೊತೆಗೆ ತಾವೂ ಕಚೇರಿ ಮಾಡುತ್ತಾರೆ. ಅವರು ತಾಳ ತಪ್ಪಿದೆ ಅಂದರೆ ನಾವು ಮರುಮಾತಿಲ್ಲದೆ ಕೇಳುತ್ತೇವಲ್ಲ, ಹಾಗೆ.

ಒಂಬತ್ತು ವರ್ಷ ಆಯಿತು. ಗಮನಿಸಿ, ಒಂಬತ್ತು. ನಾನು ಒಂದನೇ ಕ್ಲಾಸಿನಿಂದ ಹೈಸ್ಕೂಲಿಗೆ ಬಂದಷ್ಟು ಹೊತ್ತು. 2009ರಲ್ಲಿ ಇಲಿನಾಯ್ ಮತ್ತೆ ಬಿಗ್ ಟೆನ್ ಗೆದ್ದಿತು. 2010ರಲ್ಲೂ ಗೆದ್ದಿತು. 2011, 2012, 2013. 2014ರಲ್ಲಿ ಮಿನ್ನೆಸೋಟಾ ಕಿತ್ತುಕೊಂಡಿತು. 2015ರಿಂದ 2019ರವರೆಗೆ ಮತ್ತೆ ಇಲಿನಾಯ್. 2020ರಲ್ಲಿ ಕೋವಿಡ್ ಬಂದು ಟೂರ್ನಿಯೇ ನಡೆಯಲಿಲ್ಲ. 2021, 2022, 2023ರಲ್ಲಿ ಮತ್ತೆ ಅವರೇ. ಲೆಕ್ಕ ಹಾಕಿ ನೋಡಿ, ನಡೆದ 14 ಟೂರ್ನಿಗಳಲ್ಲಿ 13.

ರಾಷ್ಟ್ರದ ಮಟ್ಟದಲ್ಲಿ ಮೊದಲು ಹೆಸರು ಮಾಡಿದವನು ಸ್ಕಾಟ್ ಲ್ಯಾಂಗ್ಲಿ. ಸೇಂಟ್ ಲೂಯಿಸ್‌ನ ಎಡಗೈ ಆಟಗಾರ. 2010ರಲ್ಲಿ ಟೆನೆಸ್ಸಿಯಲ್ಲಿ ನಡೆದ ರಾಷ್ಟ್ರೀಯ ಕಾಲೇಜ್ ಚಾಂಪಿಯನ್‌ಶಿಪ್‌ನಲ್ಲಿ ವೈಯಕ್ತಿಕ ಪ್ರಶಸ್ತಿ ಅವನದಾಯಿತು. ಇಲಿನಾಯ್ ಗಾಲ್ಫ್ ಚರಿತ್ರೆಯಲ್ಲಿ ಅದು ಮೊದಲನೆಯದು. ಎರಡು ವರ್ಷದ ಮೇಲೆ, 2012ರಲ್ಲಿ, ಲಾಸ್ ಏಂಜಲೀಸ್‌ನ ರಿವಿಯೆರಾ ಮೈದಾನದಲ್ಲಿ ಅದೇ ಪ್ರಶಸ್ತಿ ಗೆದ್ದವನು ಥಾಮಸ್ ಪೀಟರ್ಸ್. ಬಿಸಿಲಿನ ನಾಡಿನ ಹೃದಯದಲ್ಲೇ, ಹಿಮದ ಊರಿನ ಹುಡುಗ!

ಈ ಪೀಟರ್ಸ್ ಬೆಲ್ಜಿಯಂನವನು. ಸಣ್ಣ ದೇಶ, ಮಳೆಯ ದೇಶ. ಶಾಂಪೇನ್‌ನ ಹವೆ ನೋಡಿ ಅವನಿಗೆ ಅಷ್ಟೇನೂ ಹೆದರಿಕೆ ಆಗಿರಲಾರದು ಅಂತ ನನ್ನ ಊಹೆ. ಅವನ ಹಿಂದೆಯೇ ಥಾಮಸ್ ಡೆಟ್ರಿ ಬಂದ, ಅವನೂ ಬೆಲ್ಜಿಯಂ. ಕೆಲವು ವರ್ಷದ ನಂತರ ಏಡ್ರಿಯನ್ ಡುಮಾಂಟ್ ದೆ ಶಸಾರ್ ಬಂದ, ಅವನೂ ಬೆಲ್ಜಿಯಂ. ಇದು ಹೇಗೆ ಆಗುತ್ತದೆ ಅಂತ ನಮ್ಮವರಿಗೆ ಯಾರೂ ವಿವರಿಸಬೇಕಾಗಿಲ್ಲ. ಊರಿನಿಂದ ಒಬ್ಬ ಬರುತ್ತಾನೆ, ಇಲ್ಲಿ ಪರವಾಗಿಲ್ಲ ಅಂತ ಮನೆಗೆ ಫೋನ್ ಮಾಡುತ್ತಾನೆ, ನಾಲ್ಕು ವರ್ಷದಲ್ಲಿ ಅವನ ಗೆಳೆಯ, ಗೆಳೆಯನ ತಮ್ಮ ಎಲ್ಲ ಬಂದಿರುತ್ತಾರೆ. ನೇಪರ್‌ವಿಲ್‌ನಲ್ಲಿ ಇಷ್ಟೊಂದು ಕನ್ನಡದವರು ಇರುವುದು ಹಾಗೆಯೇ ತಾನೇ? ಬಿಸಿಲಿನ ಕಾಲೇಜುಗಳು ಅಷ್ಟಾಗಿ ನೋಡದ ಕಡೆ ಸ್ಮಾಲ್ ನೋಡಿದರು. ಕಟ್ಟುವುದು ಅಂದರೆ ಹುಡುಕುವುದು ಕೂಡ.

ಈಗ 2013ಕ್ಕೆ ಬರೋಣ. ಈ ಕಥೆಯ ಎತ್ತರದ ಜಾಗ ಇದು.

ಆ ವರ್ಷ ರಾಷ್ಟ್ರೀಯ ಚಾಂಪಿಯನ್‌ಶಿಪ್ ಜಾರ್ಜಿಯಾದಲ್ಲಿ, ಅಟ್ಲಾಂಟಾದ ಹತ್ತಿರ. ಎಲ್ಲರ ಕಣ್ಣು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ತಂಡದ ಮೇಲೆ. ಅವರು ಆ ಋತುವಿನಲ್ಲಿ ಹತ್ತಕ್ಕೂ ಹೆಚ್ಚು ಟೂರ್ನಿ ಗೆದ್ದಿದ್ದರು. ಕಾಲೇಜ್ ಗಾಲ್ಫ್‌ನಲ್ಲಿ ಇಂಥ ತಂಡ ಬಂದೇ ಇಲ್ಲ ಅಂತ ಜನ ಮಾತಾಡುತ್ತಿದ್ದರು. ವೈಯಕ್ತಿಕ ಪ್ರಶಸ್ತಿಯೂ ಅವರ ಮ್ಯಾಕ್ಸ್ ಹೋಮಾಗೆ ಹೋಯಿತು. ಆಮೇಲೆ ಮುಖಾಮುಖಿ ಹಂತ. ಸೆಮಿಫೈನಲ್‌ನಲ್ಲಿ ಬರ್ಕ್ಲಿ ಎದುರು ಇಲಿನಾಯ್. ಐವರ ಎದುರು ಐವರು, ನೆನಪಿದೆಯಲ್ಲ? ಇಲಿನಾಯ್ ಗೆದ್ದಿತು. ವರ್ಷವಿಡೀ ಎಲ್ಲರನ್ನೂ ಸೋಲಿಸಿದ ತಂಡ ಅಲ್ಲೇ ಮನೆಗೆ ಹೋಯಿತು.

ಫೈನಲ್‌ನಲ್ಲಿ ಎದುರಿಗೆ ಅಲಬಾಮಾ. ಆ ತಂಡ ಹಿಂದಿನ ವರ್ಷ ಫೈನಲ್‌ನಲ್ಲಿ ಸೋತಿತ್ತು, ಹಸಿದಿತ್ತು. ಅದರಲ್ಲಿ ಜಸ್ಟಿನ್ ಥಾಮಸ್ ಎಂಬ ಹುಡುಗ ಇದ್ದ, ಮುಂದೆ ಪ್ರಪಂಚದ ನಂಬರ್ ಒನ್ ಆದವನು. ಇಲಿನಾಯ್ ಕಡೆ ಪೀಟರ್ಸ್, ಡೆಟ್ರಿ, ಬ್ರಯಾನ್ ಕ್ಯಾಂಪ್‌ಬೆಲ್, ಚಾರ್ಲಿ ಡೇನಿಯಲ್ಸನ್, ಅಲೆಕ್ಸ್ ಬರ್ಜ್. ಫಲಿತಾಂಶ 4-1. ಗೆದ್ದದ್ದು ಅಲಬಾಮಾ.

ಸಿನಿಮಾ ಆಗಿದ್ದರೆ ಇಲಿನಾಯ್ ಗೆಲ್ಲುತ್ತಿತ್ತು. ಮಳೆ ಬಂದು, ಹಾಡು ಬಂದು, ಕೊನೆಯ ಚೆಂಡು ಕುಳಿಯ ಅಂಚಿನಲ್ಲಿ ನಿಂತು ಒಳಗೆ ಬೀಳುತ್ತಿತ್ತು. ಇತಿಹಾಸದಲ್ಲಿ ಹಾಗೆ ಆಗಲಿಲ್ಲ.

ಮುಂದೆಯೂ ಆಗಲಿಲ್ಲ. 2015ರಲ್ಲಿ ಸ್ಕೋರ್ ಕೂಡಿಸುವ ಹಂತದಲ್ಲಿ ಇಲಿನಾಯ್ ಎಲ್ಲರಿಗಿಂತ ಮುಂದಿತ್ತು. ಹಳೆಯ ನಿಯಮವೇ ಇದ್ದಿದ್ದರೆ ಕಪ್ ಅವರದ್ದೇ. ಆದರೆ ಸೆಮಿಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಎದುರು ಸೋತರು. 2016ರ ಸೆಮಿಫೈನಲ್‌ನಲ್ಲಿ ಆರೆಗನ್ ಎದುರು ಸೋತರು. 2017ರಲ್ಲಿ ಟೂರ್ನಿ ನಮ್ಮ ಮನೆ ಬಾಗಿಲಿಗೇ ಬಂದಿತ್ತು: ಶುಗರ್ ಗ್ರೋವ್‌ನ ರಿಚ್ ಹಾರ್ವೆಸ್ಟ್ ಫಾರ್ಮ್ಸ್. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗುವವರಿಗೆ ಅದು ಹೆಚ್ಚು ದೂರವಲ್ಲ. ಸ್ವಂತ ರಾಜ್ಯ, ಸ್ವಂತ ಜನ. ಮತ್ತೆ ಸೆಮಿಫೈನಲ್. ಮತ್ತೆ ಸೋಲು, ಈ ಸಲ ಓಕ್ಲಹೋಮಾ ಎದುರು, ಆ ವರ್ಷ ಕಪ್ ಗೆದ್ದದ್ದೂ ಅವರೇ.

ಇಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಕಪ್ ಗೆಲ್ಲದ ಈ ಕೋಚ್ ಬಗ್ಗೆ ನಾನು ಇಷ್ಟುದ್ದ ಬರೆದದ್ದು ಸರಿಯೇ? ಊಟದ ಮೇಜಿನಲ್ಲಿ ಈ ಕಥೆ ಹೇಳಿದಾಗ ನಮ್ಮಪ್ಪ ಪೂರ್ತಿ ಕೇಳಿ, "ಹಾಗಾದರೆ ಗೆಲ್ಲಲೇ ಇಲ್ಲವಾ?" ಅಂದರು. ಅಮ್ಮ ನನ್ನ ಕಡೆ ನೋಡಿ ನಕ್ಕರು. ನಮ್ಮ ಮನೆಗಳಲ್ಲಿ ತೊಂಬತ್ತೆಂಟು ತೆಗೆದುಕೊಂಡು ಬಂದವನಿಗೆ ಉಳಿದ ಎರಡು ಎಲ್ಲಿ ಅಂತ ಕೇಳುವ ವಾಡಿಕೆ ಇದೆ, ನಿಮ್ಮಲ್ಲೂ ಇರಬಹುದು.

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದಿದ್ದರೆ ಪತ್ರ ಬರೆಯಿರಿ. ಮುಖಾಮುಖಿ ಆಟದಲ್ಲಿ ಒಂದು ಬೆಳಗ್ಗೆ ಇಬ್ಬರು ಹುಡುಗರಿಗೆ ಚೆಂಡು ಸರಿಯಾಗಿ ಉರುಳದಿದ್ದರೆ ವರ್ಷದ ಕೆಲಸ ಮುಗಿಯಿತು. ಅದು ಟೂರ್ನಿಯನ್ನು ನೋಡಲು ರೋಚಕ ಮಾಡುತ್ತದೆ, ನಿಜ. ಆದರೆ ತಂಡದ ಬೆಲೆ ಅಳೆಯಲು ಅದೊಂದೇ ಅಳತೆಗೋಲಲ್ಲ. ಐದು ವರ್ಷದಲ್ಲಿ ನಾಲ್ಕು ಸಲ ದೇಶದ ಮೊದಲ ನಾಲ್ಕರಲ್ಲಿ ನಿಂತದ್ದು, ಹದಿನಾಲ್ಕರಲ್ಲಿ ಹದಿಮೂರು ಗೆದ್ದದ್ದು, ಇವು ಒಂದು ಬೆಳಗ್ಗೆಯ ಅದೃಷ್ಟದಿಂದ ಬರುವಂಥವಲ್ಲ. ಹಾಗಂತ ಕಪ್ ಮುಖ್ಯವಲ್ಲ ಅಂತಲೂ ನಾನು ಹೇಳುವುದಿಲ್ಲ. ಆ ಐವರಿಗೆ 2013ರ ಆ ದಿನ ಎಷ್ಟು ನೋವಾಗಿರಬೇಕು! ಅದನ್ನು ಸಣ್ಣದು ಮಾಡುವುದು ನ್ಯಾಯವಲ್ಲ.

ಪೀಟರ್ಸ್‌ಗೆ ಅಂಥದೇ ಇನ್ನೊಂದು ದಿನ ಕಾದಿತ್ತು. 2016ರ ರಿಯೋ ಒಲಿಂಪಿಕ್ಸ್. ನೂರಕ್ಕೂ ಹೆಚ್ಚು ವರ್ಷದ ನಂತರ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿತ್ತು. ಅವನು ನಾಲ್ಕನೆಯವನಾದ. ಪದಕ ಮೂವರಿಗೆ ಮಾತ್ರ. ನಾಲ್ಕನೇ ಸ್ಥಾನ ಅಂದರೆ ಏನು ಅಂತ ನಮಗೂ ಗೊತ್ತು: ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ಒಂದೇ ಒಂದು ಹೊಡೆತದಿಂದ ಪದಕ ಕಳೆದುಕೊಂಡು ನಾಲ್ಕನೆಯವರಾದರು. ಆ ಶುಕ್ರವಾರ ರಾತ್ರಿ ಇಲ್ಲಿ ಎಷ್ಟೋ ಕನ್ನಡದ ಮನೆಗಳಲ್ಲಿ, ಬರ್ಡಿಗೂ ಬೋಗಿಗೂ ವ್ಯತ್ಯಾಸ ಗೊತ್ತಿಲ್ಲದ ಅಜ್ಜಿಯರೂ ಟಿವಿ ಮುಂದೆ ಕೂತಿದ್ದರು. ಅವರು ಅಂದು ಸೋತರು ಅಂತ ಯಾರಾದರೂ ಹೇಳಿದರಾ? ನಾನಂತೂ ಕೇಳಲಿಲ್ಲ. ರಿಯೋ ಆದ ಮರು ತಿಂಗಳೇ ಪೀಟರ್ಸ್ ಮಿನ್ನೆಸೋಟಾದಲ್ಲಿ ಯೂರೋಪ್ ಪರವಾಗಿ ರೈಡರ್ ಕಪ್ ಆಡಿದ. ತಂಡ ಸೋತಿತು, ಆದರೆ ಅವನೊಬ್ಬನೇ ನಾಲ್ಕು ಪಾಯಿಂಟ್ ತಂದುಕೊಟ್ಟ. ಮೊದಲ ಸಲ ಆಡುವ ಯಾವ ಯೂರೋಪ್ ಆಟಗಾರನೂ ಅಷ್ಟು ತಂದಿರಲಿಲ್ಲ.

ಉಳಿದವರ ಕಥೆಗೆ ಇನ್ನೂ ಹೊತ್ತು ಬೇಕಾಯಿತು. ಅದರಲ್ಲಿ ಬ್ರಯಾನ್ ಕ್ಯಾಂಪ್‌ಬೆಲ್ ಬಗ್ಗೆ ಹೇಳಲೇಬೇಕು. ಅವನು ಕ್ಯಾಲಿಫೋರ್ನಿಯಾದ ಹುಡುಗ. ಬಿಸಿಲನ್ನು ಬಿಟ್ಟು ಹಿಮಕ್ಕೆ ಬಂದವನು. 2000ದಲ್ಲಿ ಯಾರಾದರೂ ಹೀಗಾಗುತ್ತದೆ ಅಂದಿದ್ದರೆ ಜನ ನಗುತ್ತಿದ್ದರು. ಕಾಲೇಜ್ ಮುಗಿಸಿ ಪಿಜಿಎ ಟೂರ್‌ಗೆ ಹೋದ, ಒಂದು ವರ್ಷ ಆಡಿದ, ಜಾಗ ಉಳಿಸಿಕೊಳ್ಳಲಾಗಲಿಲ್ಲ. ಮತ್ತೆ ಸಣ್ಣ ಟೂರ್, ಏಳು ವರ್ಷ. ಅವನ ಕೋಚ್‌ಗೆ ಇದು ಚೆನ್ನಾಗಿ ಗೊತ್ತಿದ್ದ ದಾರಿ. 2025ಕ್ಕೆ ಅವನು ದೊಡ್ಡ ಟೂರ್‌ಗೆ ಮರಳಿದ್ದ.

2025ರ ಫೆಬ್ರವರಿ 9ರಂದು ಅರಿಜೋನಾದ ಫೀನಿಕ್ಸ್ ಓಪನ್ ಗೆದ್ದದ್ದು ಥಾಮಸ್ ಡೆಟ್ರಿ. ಪಿಜಿಎ ಟೂರ್‌ನಲ್ಲಿ ಅವನ ಮೊದಲ ಗೆಲುವು. ಎರಡು ವಾರ ಬಿಟ್ಟು ಮೆಕ್ಸಿಕೋ ಓಪನ್‌ನಲ್ಲಿ ಕ್ಯಾಂಪ್‌ಬೆಲ್ ಸಮ ಸ್ಕೋರಿನಲ್ಲಿ ನಿಂತು ಪ್ಲೇಆಫ್ ಆಡಬೇಕಾಯಿತು. ಅದರಲ್ಲಿ ಅವನ ಒಂದು ಹೊಡೆತ ದಾರಿ ತಪ್ಪಿ ಮರಗಳ ಕಡೆಗೆ ಹೋಯಿತು. ಎಲ್ಲರೂ ಮುಗಿಯಿತು ಅಂದುಕೊಂಡರು. ಚೆಂಡು ಮರಕ್ಕೆ ಬಡಿದು ವಾಪಸ್ ಆಟದೊಳಗೆ ಬಂದು ಬಿತ್ತು. ಅದೇ ಕುಳಿಯಲ್ಲಿ ಅವನು ಗೆದ್ದ. ಜಾರ್ಜಿಯಾದಲ್ಲಿ ಒಟ್ಟಿಗೆ ಸೋತ ಇಬ್ಬರಿಗೂ, ಹನ್ನೆರಡು ವರ್ಷದ ನಂತರ, ಒಂದೇ ತಿಂಗಳಲ್ಲಿ ಮೊದಲ ಗೆಲುವು.

ಜುಲೈನಲ್ಲಿ ಕ್ಯಾಂಪ್‌ಬೆಲ್ ಇನ್ನೊಂದು ಟೂರ್ನಿ ಗೆದ್ದ, ಅದೂ ಪ್ಲೇಆಫ್‌ನಲ್ಲೇ. ಹೆಸರು ಜಾನ್ ಡಿಯರ್ ಕ್ಲಾಸಿಕ್. ಹೊಲದಲ್ಲಿ ಓಡಾಡುವ ಹಸಿರು ಟ್ರ್ಯಾಕ್ಟರ್‌ನ ಕಂಪನಿಯೇ ಅದರ ಪ್ರಾಯೋಜಕ. ನಡೆಯುವ ಜಾಗ ಸಿಲ್ವಿಸ್, ಇಲಿನಾಯ್. ಸುತ್ತಲೂ ಮೆಕ್ಕೆಜೋಳ.